ಬರ್ಲಾ ಅಣ್ಣ, ಇಲ್ಲೇ ಇರ್ಲಾ?

ಹಳ್ಳಿಯಲ್ಲಿ ಬೆಳೆದು, ಬಿಇ ಮುಗಿಸಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವವರಿಗೆಲ್ಲ ಒಂದು ಮಾತು ಬಾಯಿಪಾಠ ಆಗಿರುತ್ತದೆ. ಗೌರಿ ಹಬ್ಬಕ್ಕೋ ಯುಗಾದಿಗೋ ಊರಿಗೆ ಹೋದರೆ ಸಾಕು, ಹಿರಿಯರು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ನಮ್ ಹುಡುಗುಂಗೂ ನಿಮ್ ಕಡೆ ಎಲ್ಲಾದ್ರೂ ಒಂದ್ ಕೆಲ್ಸ ನೋಡಪ್ಪ." ಇದಕ್ಕೆ ಉತ್ತರ ಸುಲಭ. "ರೆಸ್ಯೂಮ್ ವಾಟ್ಸಾಪ್ ಮಾಡಕ್ಕೇಳಿ, ನೋಡೋಣ" ಅಂದರೆ ಮುಗಿಯಿತು. ಕಷ್ಟದ ಪ್ರಶ್ನೆ ಬೇರೆ ಇದೆ. ಅದನ್ನು ಆ ಹುಡುಗನೇ ಕೇಳುತ್ತಾನೆ, ದೊಡ್ಡವರು ಯಾರೂ ಪಕ್ಕದಲ್ಲಿ ಇಲ್ಲದಾಗ: "ಅಣ್ಣ, ನೀನೇ ಹೇಳು. ನಾನು ಬೆಂಗ್ಳೂರಿಗೆ ಬರ್ಲಾ, ಇಲ್ಲೇ ಇರ್ಲಾ?"

ನಮ್ಮೂರು ತಿಪಟೂರು ತಾಲ್ಲೂಕಿನಲ್ಲಿದೆ. ತೆಂಗಿನ ಸೀಮೆ. ಹತ್ತು ವರ್ಷದಿಂದ ಈ ಪ್ರಶ್ನೆಯನ್ನು ಬೇರೆ ಬೇರೆ ಹುಡುಗರ ಬಾಯಲ್ಲಿ ಕೇಳಿದ್ದೇನೆ. ಮೇಲ್ನೋಟಕ್ಕೆ ಇದು ಕೆರಿಯರ್ ಪ್ರಶ್ನೆ. ಯೋಚಿಸಿದಷ್ಟೂ ಇದು ನೀತಿಯ ಪ್ರಶ್ನೆ ಅನ್ನಿಸುತ್ತದೆ. ಇವನಿಗೆ ದಾರಿ ಹೇಳುವ ಹಕ್ಕು ನನಗೆ ಎಲ್ಲಿಂದ ಬಂತು? ಹೇಳದೆ ಜಾರಿಕೊಳ್ಳುವ ಹಕ್ಕಾದರೂ ಇದೆಯಾ? ಊರು ಬಿಟ್ಟು ಬಂದವನು ಊರಲ್ಲಿರುವ ಹುಡುಗರಿಗೆ ಏನು ಕೊಡಬೇಕು? ಅದಕ್ಕೂ ಮೊದಲು, ಯಾಕೆ ಕೊಡಬೇಕು?

ಈ "ಯಾಕೆ"ಯಿಂದಲೇ ಶುರು ಮಾಡೋಣ. ಆಫೀಸಿನ ಗೆಳೆಯರೊಬ್ಬರ ವಾದ ನೇರವಾಗಿದೆ. "ನೀನು ಓದಿದೆ, ಬಂದೆ. ಅವರೂ ಓದಲಿ, ಬರಲಿ. ತೆರಿಗೆ ಕಟ್ತೀಯಲ್ಲ, ಅದರಲ್ಲೇ ನಿನ್ನ ಬಾಕಿ ಚುಕ್ತಾ. ಎಲ್ಲಿ ಹುಟ್ಟಬೇಕು ಅಂತ ನೀನೇನು ಆರಿಸಿಕೊಂಡಿರಲಿಲ್ಲ. ಆರಿಸಿಕೊಳ್ಳದೇ ಇದ್ದದ್ದಕ್ಕೆ ಸಾಲ ಹೇಗೆ ಬರುತ್ತೆ?" ಇದನ್ನು ನಗುತ್ತಾ ತಳ್ಳಿಹಾಕೋಕೆ ಆಗಲ್ಲ. ಕೇಳದೇ ಸಿಕ್ಕಿದ್ದಕ್ಕೆ ಬಡ್ಡಿ ಕಟ್ಟು ಅನ್ನುವುದು ನ್ಯಾಯವಲ್ಲ.

ಆದರೆ ನಾನು ಕೇಳಿ ಪಡೆದದ್ದು ಒಂದಿದೆ. ನಮ್ಮ ರಾಜ್ಯದ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15 ಸೀಟು. ಹೆಡ್‌ಮಾಸ್ಟರ್ ಸಹಿ, ಬಿಇಒ ಆಫೀಸಿನ ಸೀಲು ಹಾಕಿಸಿಕೊಂಡು ಆ ಸರ್ಟಿಫಿಕೇಟನ್ನು ನಾನೇ ಕೈಯಾರೆ ಕೊಟ್ಟೆ. ಇಂಜಿನಿಯರಿಂಗ್ ಸೀಟು ಸಿಕ್ಕಿದ್ದು ಅದರಲ್ಲೇ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಆ ಶೇ. 15 ಯಾಕೆ ಇದೆ ಅಂತ ಯೋಚನೆ ಮಾಡಿ. ಹಳ್ಳಿ ಶಾಲೆಯಲ್ಲಿ ಲ್ಯಾಬ್ ಇಲ್ಲ, ಇಂಗ್ಲಿಷ್ ಹೇಳಿಕೊಡುವವರು ಕಡಿಮೆ, ಪಿಯು ಕಾಲೇಜಿಗೆ ಬಸ್ಸು ಹಿಡಿದು ಹೋಗಬೇಕು. ಈ ಕೊರತೆ ನಮ್ಮ ಕ್ಲಾಸಿನ ಅಷ್ಟೂ ಮಕ್ಕಳಿಗೂ ಇತ್ತು. ಅದಕ್ಕೆ ಸರ್ಕಾರ ಕೊಟ್ಟ ಪರಿಹಾರ ಮಾತ್ರ ಸಿಇಟಿ ತನಕ ಬಂದ ಒಬ್ಬಿಬ್ಬರ ಕೈಗೆ ಸೇರಿತು. ಕೊರತೆ ಎಲ್ಲರದ್ದು, ಪರಿಹಾರ ನನ್ನೊಬ್ಬನದ್ದು. ಊರಿನ ಲೆಕ್ಕದಲ್ಲಿ ಬಂದ ಗಂಟು ನನ್ನ ಹೆಸರಿನಲ್ಲಿ ಬಿಡಿಸಿಕೊಂಡಂತೆ. ಇದಕ್ಕೆ ಸಾಲ ಅನ್ನದೆ ಬೇರೆ ಹೆಸರಿಲ್ಲ.

ನಮ್ಮಲ್ಲಿ ದೇವಋಣ, ಋಷಿಋಣ, ಪಿತೃಋಣ ಅಂತ ಮೂರು ಋಣ ಹೇಳುವುದು ವಾಡಿಕೆ. ಶತಪಥ ಬ್ರಾಹ್ಮಣದಲ್ಲಿ ನಾಲ್ಕನೆಯದೊಂದು ಬರುತ್ತದೆ, ಮನುಷ್ಯಋಣ. ಅದನ್ನು ತೀರಿಸುವ ದಾರಿ ಪೂಜೆಯಲ್ಲ, ಓದಲ್ಲ. ಬಂದವರಿಗೆ ಇರೋಕೆ ಜಾಗ, ತಿನ್ನೋಕೆ ಅನ್ನ. ವಿಜಯನಗರದ ರೂಮಿನಲ್ಲಿ ಊರಿನ ಮೂರು ಹುಡುಗರನ್ನು ಚಾಪೆ ಹಾಸಿ ಮಲಗಿಸಿಕೊಂಡವರಿಗೆಲ್ಲ ಈ ಋಣ ಯಾರೂ ಹೇಳಿಕೊಡದೆಯೇ ಗೊತ್ತು.

ಋಣಕ್ಕೂ ದಾನಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ದಾನ ಮಾಡಿದವನ ಫೋಟೊ ಫ್ಲೆಕ್ಸ್ ಮೇಲೆ ಬರುತ್ತದೆ. ಸಾಲ ತೀರಿಸಿದವನು ಫ್ಲೆಕ್ಸ್ ಹಾಕಿಸಿಕೊಳ್ಳಲ್ಲ. ಸಾಲ ಕೊಟ್ಟವರು ಬಂದು ಕೇಳಬಹುದು, ಅವರು ಕೇಳಿದರೆ ಅದು ಬೇಡುವುದಲ್ಲ. ಆ ಹುಡುಗ ನನ್ನನ್ನು ಕೇಳುವಾಗ ತಲೆ ತಗ್ಗಿಸಬೇಕಾಗಿಲ್ಲ ಅನ್ನುವುದು ಇಲ್ಲಿ ಮುಖ್ಯ.

ಸರಿ, ಕೊಡಬೇಕು. ಏನು ಕೊಡಬೇಕು? ನಾವು ಸಾಮಾನ್ಯವಾಗಿ ಕೊಡುವುದು ಭಾಷಣ. ಆಗಸ್ಟ್ 15ಕ್ಕೋ ಶಾಲಾ ವಾರ್ಷಿಕೋತ್ಸವಕ್ಕೋ ನಮ್ಮಂಥವರನ್ನು ಕರೆಸಿ ಶಾಲು ಹೊದಿಸಿ ಮೈಕು ಕೊಡುತ್ತಾರೆ. "ಇದೇ ಬೆಂಚಲ್ಲಿ ಕೂತು ಓದಿದವರು, ಇವತ್ತು ಎಲ್ಲಿದ್ದಾರೆ ನೋಡಿ" ಅಂತ ಪರಿಚಯ. ಕೇಳೋಕೆ ಚೆನ್ನಾಗಿದೆ. ಆದರೆ ಆ ಮಾತಿನ ಇನ್ನೊಂದು ಮುಖವೂ ಅದೇ ಸಭೆಯಲ್ಲಿ ಹಿಂದೆ ನಿಂತಿರುತ್ತದೆ. ಶಾಮಿಯಾನ ಕಟ್ಟಿದ, ಕುರ್ಚಿ ಜೋಡಿಸಿದ, ಊಟ ಬಡಿಸಲಿರುವ ಹುಡುಗರೂ ಅದೇ ಬೆಂಚಲ್ಲಿ ಕೂತು ಓದಿದವರೇ. ಹೋದವನು ಗೆದ್ದ ಅನ್ನುವ ಪ್ರತಿ ಮಾತೂ ಉಳಿದವನು ಸೋತ ಅಂತಲೇ ಅವರಿಗೆ ಕೇಳಿಸುತ್ತದೆ.

ಇದು ಬರೀ ಮನಸ್ಸಿನ ನೋವಲ್ಲ, ಬದುಕಿಗೇ ಬಂದು ತಟ್ಟುತ್ತದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಯುವಕರು "ಬ್ರಹ್ಮಚಾರಿಗಳ ಪಾದಯಾತ್ರೆ" ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದರು. ರೈತಾಪಿ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ, ಮಾದಪ್ಪ ದಾರಿ ತೋರಿಸಲಿ ಅನ್ನುವುದು ಹರಕೆ. ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಅದು ಎರಡು ದಿನ ಜೋಕ್ ಆಗಿ ಓಡಾಡಿತು. ಯೋಚನೆ ಮಾಡಿ, ಮೂವತ್ತು ದಾಟಿದ ಗಂಡಸು ತನಗೆ ಯಾರೂ ಹೆಣ್ಣು ಕೊಡುತ್ತಿಲ್ಲ ಅಂತ ಹಾಡಹಗಲಲ್ಲಿ ರಸ್ತೆಯ ಮೇಲೆ ನಡೆಯಬೇಕಾದರೆ ಅವನೊಳಗೆ ಎಷ್ಟು ಸೋತಿರಬೇಕು. ಜಮೀನಿದೆ, ಹಸುವಿದೆ, ದುಡಿಯುವ ಮೈಯಿದೆ. ಆದರೂ "ಹುಡುಗ ಬೆಂಗಳೂರಲ್ಲಿ ಇರಬೇಕು" ಅನ್ನುವ ಒಂದೇ ಮಾತಿಗೆ ಅದೆಲ್ಲ ಲೆಕ್ಕಕ್ಕಿಲ್ಲ.

ಇದಕ್ಕೆ ಹುಡುಗಿಯರನ್ನು ಬೈಯುವವರಿದ್ದಾರೆ. ಅವರ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಊರಲ್ಲಿ ಉಳಿದರೆ ಹುಡುಗನಿಗೆ ಇವತ್ತಲ್ಲ ನಾಳೆ ಪಹಣಿಯಲ್ಲಿ ಹೆಸರು ಬರುತ್ತದೆ. ಸೊಸೆಗೆ ಬರುವುದು ಕೊಟ್ಟಿಗೆ, ಒಲೆ ಮತ್ತು ಅತ್ತೆಮಾವನ ಆರೈಕೆ. ಬಿಕಾಂ ಓದಿದವಳು ಯಾವ ಧೈರ್ಯದ ಮೇಲೆ ಅದನ್ನು ಒಪ್ಪಬೇಕು? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಅವಳ ಬಸ್ ಚಾರ್ಜು ಉಳಿಯಿತು. ಸಂಜೆ ಕೊನೇ ಬಸ್ಸಿನ ಟೈಮು, "ಕತ್ತಲಾಗೋದ್ರೊಳಗೆ ಮನೆ ಸೇರ್ಕೋ" ಅನ್ನುವ ಮಾತು ಹಾಗೇ ಉಳಿದವು. ಹುಡುಗ "ಬರ್ಲಾ, ಇರ್ಲಾ" ಅಂತ ನನ್ನನ್ನು ಕೇಳುತ್ತಾನೆ. ಹುಡುಗಿಗೆ ಅದನ್ನು ಕೇಳುವ ಅವಕಾಶವೂ ಕಡಿಮೆ, ಅವಳ ಪರವಾಗಿ ಉತ್ತರ ಮೊದಲೇ ತಯಾರಾಗಿರುತ್ತದೆ.

ಇಲ್ಲಿ ಅಮರ್ತ್ಯ ಸೇನ್ ಕೊಡುವ ಒಂದು ಉದಾಹರಣೆ ನನಗೆ ತುಂಬಾ ಸಹಾಯ ಮಾಡಿದೆ. ಉಪವಾಸ ಮಾಡುವವನೂ ಹಸಿದಿರುತ್ತಾನೆ, ಊಟವಿಲ್ಲದವನೂ ಹಸಿದಿರುತ್ತಾನೆ. ಇಬ್ಬರ ಹೊಟ್ಟೆಯೂ ಖಾಲಿ. ಆದರೆ ಒಬ್ಬನಿಗೆ ಉಣ್ಣುವ ಆಯ್ಕೆ ಇತ್ತು, ಬೇಡ ಅಂದ. ಇನ್ನೊಬ್ಬನಿಗೆ ಆ ಆಯ್ಕೆಯೇ ಇರಲಿಲ್ಲ. ಏಕಾದಶಿ ಮಾಡುವ ನಮ್ಮ ಅಜ್ಜಿಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದೇ ಲೆಕ್ಕವನ್ನು ಊರಿಗೆ ಹಾಕಿ ನೋಡಿ. ತೋಟ ಬೇಕು ಅಂತ ಉಳಿದವನು, ಬೇರೆ ದಾರಿ ಇಲ್ಲದೆ ಉಳಿದವನು ನೋಡೋಕೆ ಒಂದೇ ಥರ ಇರುತ್ತಾರೆ. ಆಸೆಪಟ್ಟು ಬೆಂಗಳೂರಿಗೆ ಬಂದವನು, ಬೋರ್‌ವೆಲ್ ಬತ್ತಿ ಬಂದು ಫುಡ್ ಡೆಲಿವರಿ ಬ್ಯಾಗ್ ಹೊತ್ತವನು ಒಂದೇ ಸಿಗ್ನಲ್‌ನಲ್ಲಿ ನಿಂತಿರುತ್ತಾರೆ. ಉಳಿದಿದ್ದಾರಾ ಹೊರಟಿದ್ದಾರಾ ಅನ್ನುವುದರಲ್ಲಿ ಸೋಲು ಗೆಲುವು ಇಲ್ಲ. ಬೇರೆಯದನ್ನು ಆರಿಸಿಕೊಳ್ಳುವ ದಾರಿ ನಿಜವಾಗಿಯೂ ತೆರೆದಿತ್ತಾ ಅನ್ನುವುದೇ ಪ್ರಶ್ನೆ.

ಹೀಗೆ ನೋಡಿದರೆ ಋಣ ತೀರಿಸುವುದು ಅಂದರೆ ಹುಡುಗರನ್ನು ಊರಿನಿಂದ ಹೊರಗೆ ತರುವುದೂ ಅಲ್ಲ, ಊರಲ್ಲೇ ಹಿಡಿದಿಡುವುದೂ ಅಲ್ಲ. ಎರಡೂ ದಾರಿ ಅವರಿಗೆ ತೆರೆದಿರುವಂತೆ ಮಾಡುವುದು. ಹೇಳೋಕೆ ಸುಲಭ, ಆ ದಾರಿಗಳು ಮುಚ್ಚಿಕೊಳ್ಳುವ ರೀತಿ ಮಾತ್ರ ಬಹಳ ಸಣ್ಣ ಸಣ್ಣದು.

ಮೊದಲನೆಯದು ಕಾಲ. ನಮ್ಮ ಕಡೆಯ ಬಹಳಷ್ಟು ಹುಡುಗರಿಗೆ ಕನಸು ಅಂದರೆ ಸರ್ಕಾರಿ ಕೆಲಸ. ಅದಕ್ಕೆ ವಿಜಯನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ರೂಮು, ಕೋಚಿಂಗು, ರೀಡಿಂಗ್ ರೂಮಿನ ಬಾಡಿಗೆ ಕುರ್ಚಿ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. ಸುದ್ದಿಯಲ್ಲಿ ಇದು ಮೂರು ಸಾಲು. ಇಪ್ಪತ್ತೈದು ವಯಸ್ಸಿಗೆ ಪರೀಕ್ಷೆ ಬರೆದ ಹುಡುಗನಿಗೆ ಎರಡು ವರ್ಷ ಮೂರು ತಿಂಗಳು. ಅಷ್ಟರಲ್ಲಿ ತಂಗಿ ಮದುವೆ ಆಗಿರುತ್ತದೆ, ಅಪ್ಪ ಮರ ಹತ್ತುವುದು ನಿಲ್ಲಿಸಿರುತ್ತಾರೆ. ಊರಿಗೆ ವಾಪಸ್ ಬಂದರೆ "ಏನಾಯ್ತಪ್ಪ ಎಕ್ಸಾಮು?" ಅನ್ನುವ ಪ್ರಶ್ನೆ ಬಸ್‌ಸ್ಟ್ಯಾಂಡಿನಲ್ಲೇ ಶುರು.

ಎರಡನೆಯದು ಬೆಲೆ. ಊರಲ್ಲೇ ಇರು ಅನ್ನುವವರು ಇದನ್ನು ನೋಡಬೇಕು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ನಡೆಯುತ್ತಿದ್ದ ದರ ಅದಕ್ಕಿಂತ ಎಷ್ಟೋ ಕೆಳಗೆ. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. 2023ರಲ್ಲಿ ಹತಾಶನಾಗಿ ಬಂದು ಸೆಕ್ಯೂರಿಟಿ ಕೆಲಸಕ್ಕೆ ಸೇರಿದವನು ದಡ್ಡನಲ್ಲ. 2025ರಲ್ಲಿ ತೋಟದಲ್ಲಿ ಇದ್ದವನು ಮಹಾ ಬುದ್ಧಿವಂತನೂ ಅಲ್ಲ. ಇಂಥ ಏರಿಳಿತ ತಡೆದುಕೊಳ್ಳೋಕೆ ಕೈಯಲ್ಲಿ ಒಂದೆರಡು ವರ್ಷದ ಖರ್ಚು ಇರಬೇಕು. ಅದು ಇದ್ದವನಿಗೆ ಊರು ಆಯ್ಕೆ, ಇಲ್ಲದವನಿಗೆ ಜೂಜು.

ಮೂರನೆಯದು ಕಾಯುವ ಕಾಲದ ಗೌರವ. ಇದನ್ನು ನಾವು ಐಟಿಯವರು ಚೆನ್ನಾಗಿ ಅರ್ಥ ಮಾಡಿಕೊಳ್ಳಬಹುದು. ಪ್ರಾಜೆಕ್ಟ್ ಇಲ್ಲದಾಗ ಕಂಪನಿ ನಮ್ಮನ್ನು ಬೆಂಚ್ ಮೇಲೆ ಕೂರಿಸುತ್ತದೆ. ಸಂಬಳ ಬರುತ್ತಿರುತ್ತದೆ. ಎಸಿ, ಕಾಫಿ, ಟ್ರೈನಿಂಗು, ಜೊತೆಗೆ ಹೊಸಬರಿಗೊಬ್ಬ ಬಡ್ಡಿ. ಇದನ್ನು ಯಾರೂ "ಬಿಟ್ಟಿ" ಅಂದಿದ್ದು ನಾನು ಕೇಳಿಲ್ಲ. ಆದರೆ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ಶುರುವಾದಾಗ ಇದೇ ನಮ್ಮ ಕಾಫಿ ಮೇಜಿನ ಸುತ್ತ ಕೇಳಿದ್ದು ಆ ಪದವೇ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500, ಅದೂ ಹೆಚ್ಚೆಂದರೆ ಎರಡು ವರ್ಷ. ನಮ್ಮ ಬೆಂಚಿಗೆ ಹೋಲಿಸಿದರೆ ಇದು ಒಂದು ಮಣೆ. ಯೋಜನೆಯ ಬಗ್ಗೆ ತಕರಾರು ಇರಬಾರದು ಅಂತಲ್ಲ. ಪಿಯುಸಿ ಫೇಲಾಗಿ ಗಾರೆ ಕೆಲಸಕ್ಕೆ ಹೋಗುವವನಿಗೆ ಇದರಲ್ಲಿ ಜಾಗವೇ ಇಲ್ಲ ಅನ್ನುವುದು ನನ್ನ ತಕರಾರು. ಆದರೆ ಕಾಯುವವನಿಗೆ ಖರ್ಚು ಕೊಡುವುದು ಸೋಮಾರಿತನಕ್ಕೆ ದಾರಿ ಅನ್ನುವ ವಾದ ಬೆಂಚ್ ಮೇಲೆ ಕೂತವರ ಬಾಯಲ್ಲಿ ಬರಬಾರದು.

ಹಣಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ, ಜೊತೆಗಿರುವ ಮನುಷ್ಯರು. ಯುವಜನರಿಗೆ ಅಂತ ನಮ್ಮಲ್ಲಿ ಸಂಸ್ಥೆಗಳು ಇಲ್ಲ ಅನ್ನೋ ಹಾಗಿಲ್ಲ. ಗಾಂಧಿ ಶತಮಾನೋತ್ಸವದ ವರ್ಷ, 1969ರಲ್ಲಿ, ರಾಷ್ಟ್ರೀಯ ಸೇವಾ ಯೋಜನೆ ಬಂತು. 1972ರಲ್ಲಿ ನೆಹರು ಯುವ ಕೇಂದ್ರಗಳು ಬಂದವು. ಈಗ ಗ್ರಾಮ ಪಂಚಾಯಿತಿ ಲೈಬ್ರರಿಗಳು "ಅರಿವು ಕೇಂದ್ರ" ಆಗಿವೆ. ಎನ್ನೆಸ್ಸೆಸ್ ಕ್ಯಾಂಪಿನ ಏಳು ದಿನ ನಿಮಗೂ ನೆನಪಿರಬಹುದು. ಕಾಲೇಜು ಹುಡುಗರು ಟೋಪಿ ಹಾಕಿಕೊಂಡು ಬಂದು ಚರಂಡಿ ಕ್ಲೀನ್ ಮಾಡುತ್ತಾರೆ, ಊರ ಹುಡುಗರು ಅರಳಿ ಕಟ್ಟೆ ಮೇಲೆ ಕೂತು ನೋಡುತ್ತಾರೆ. ಎಂಟನೇ ದಿನ ಬಸ್ಸು ಹೊರಟ ಮೇಲೆ ಕಟ್ಟೆ ಮೇಲಿನವರು ಅಲ್ಲೇ ಇರುತ್ತಾರೆ. ಸೇವೆ ಮಾಡಿದವರಿಗೆ ಅದರಿಂದ ತುಂಬಾ ಸಿಕ್ಕಿರುತ್ತದೆ, ಅದು ಸುಳ್ಳಲ್ಲ. ಆದರೆ ಅದೇ ವಯಸ್ಸಿನ ಊರ ಹುಡುಗರ ಮಟ್ಟಿಗೆ ಏನು ಬದಲಾಯಿತು ಅನ್ನುವ ಪ್ರಶ್ನೆ ಉಳಿಯುತ್ತದೆ.

ಇದಕ್ಕೆ ಬೇರೆ ಥರದ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಶುರು ಮಾಡಿದವು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆಯಂಥ ಸ್ವಂತ ಉದ್ಯೋಗದ ಕೋರ್ಸುಗಳು. ಮುಂದೆ ಇದೇ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಆರ್‌ಸೆಟಿಗಳು ಬಂದವು. ಇದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಕೋರ್ಸಲ್ಲ. ತರಬೇತಿ ಕೆಲವೇ ವಾರದ್ದು, ಆಮೇಲಿನ ಬೆನ್ನಾಸರೆ ಎರಡು ವರ್ಷದ್ದು. ಅಂಗಡಿ ಹಾಕಿದೆಯಾ, ಬ್ಯಾಂಕಿನವರು ಸಾಲ ಕೊಟ್ಟರಾ, ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ವಿಚಾರಿಸುವುದು ಅಲ್ಲಿ ಕೆಲಸದ ಭಾಗ. ಸರ್ಟಿಫಿಕೇಟ್ ಕೊಟ್ಟ ದಿನ ಮುಗಿಯುವ ಕಾರ್ಯಕ್ರಮಕ್ಕೂ, ಅವತ್ತು ಶುರುವಾಗುವ ಕಾರ್ಯಕ್ರಮಕ್ಕೂ ಇರುವ ಅಂತರ ಇದು.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. "ಊರಲ್ಲೇ ಇರು, ಇಲ್ಲಿ ಗಾಳಿ ಚೆನ್ನಾಗಿದೆ, ಬೆಂಗಳೂರಲ್ಲಿ ಬರೀ ಟ್ರಾಫಿಕ್ಕು" ಅಂತ ಹೇಳಬಹುದು. ಆದರೆ ವಾರಾಂತ್ಯಕ್ಕೆ ಎಳನೀರು ಕುಡಿಯೋಕೆ ಬರುವವನಿಗೆ ಆ ಮಾತಾಡುವ ಯೋಗ್ಯತೆ ಇಲ್ಲ. ಊರಲ್ಲೇ ಇರು ಅಂತ ಹೇಳುವ ಹಕ್ಕು ಊರಲ್ಲಿ ಇರುವವರದ್ದು. "ಬಂದ್ಬಿಡು, ಏನಾದ್ರೂ ಆಗುತ್ತೆ" ಅನ್ನಬಹುದು. ಆಗದಿದ್ದರೆ ಮೂರು ತಿಂಗಳ ಪಿಜಿ ಬಾಡಿಗೆ ಕಟ್ಟುವವನು ಅವನು, ನಾನಲ್ಲ. ಎರಡು ಉತ್ತರದಲ್ಲೂ ನನ್ನ ಬದುಕಿಗೆ ನಾನೇ ಕೊಟ್ಟುಕೊಳ್ಳುವ ಸಮರ್ಥನೆ ಸ್ವಲ್ಪ ಬೆರೆತಿರುತ್ತದೆ. ಅವನನ್ನು ಕರೆದರೆ ನಾನು ಬಂದದ್ದು ಸರಿ ಅಂತಾಯಿತು. ಬೇಡ ಅಂದರೆ ನಾನು ತ್ಯಾಗ ಮಾಡಿ ಬಂದೆ ಅಂತಾಯಿತು.

ಹಾಗಂತ ಸುಮ್ಮನಿರುವುದು ತಟಸ್ಥತೆ ಅಲ್ಲ. ಗೊತ್ತಿರುವುದನ್ನು ಹೇಳದೆ ಇರುವುದು ಗೊತ್ತಿಲ್ಲದವನನ್ನು ಕತ್ತಲಲ್ಲಿ ಬಿಟ್ಟಂತೆ. ನಾನು ಈಗ ಕೊಡುವುದು ಲೆಕ್ಕ. ಫ್ರೆಶರ್ ಆಗಿ ಸೇರಿದರೆ ಕೈಗೆ ಎಷ್ಟು ಬರುತ್ತದೆ, ಅದರಲ್ಲಿ ಪಿಜಿಗೆ, ಊಟಕ್ಕೆ, ಬಸ್ಸಿಗೆ ಎಷ್ಟು ಹೋಗುತ್ತದೆ. ದುಡ್ಡು ಕಟ್ಟಿಸಿಕೊಂಡು ಕೆಲಸ ಕೊಡಿಸುತ್ತೇವೆ ಅನ್ನುವ ಕನ್ಸಲ್ಟೆನ್ಸಿಗಳನ್ನು ಗುರುತಿಸುವುದು ಹೇಗೆ. ಸರ್ಕಾರಿ ಪರೀಕ್ಷೆಗೆ ಹೋದರೆ ಎಷ್ಟು ವರ್ಷ ಅಂತ ಮೊದಲೇ ಗೆರೆ ಹಾಕಿಕೊಳ್ಳುವುದು ಯಾಕೆ ಒಳ್ಳೆಯದು. ತೋಟದಲ್ಲಿ ನಿಲ್ಲುವುದಾದರೆ ಆರ್‌ಸೆಟಿಯ ಅರ್ಜಿ ಎಲ್ಲಿ, ಬ್ಯಾಂಕಿನಲ್ಲಿ ಯಾರನ್ನು ನೋಡಬೇಕು. ಜೊತೆಗೆ ಒಂದು ಮಾತು: "ನೀನು ಯಾವುದಕ್ಕೆ ಹೋದ್ರೂ ಎರಡು ವರ್ಷ ತಿಂಗಳಿಗೊಂದ್ಸಲ ಫೋನ್ ಮಾಡ್ತೀನಿ."

ಇದರಿಂದ ಏನಾಗುತ್ತದೆ ಅನ್ನುವವರಿಗೆ ಒಂದು ಸಣ್ಣ ಸಂಗತಿ ಹೇಳುತ್ತೇನೆ. ನಮ್ಮ ಪಕ್ಕದ ಬೀದಿಯ ಹುಡುಗಿಯೊಬ್ಬಳಿಗೆ ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತು. ಅವಳ ಅಪ್ಪ ಬೇಡ ಅಂದರು. ಸಂಬಳ ಕಡಿಮೆ ಅಂತಲ್ಲ, ಹುಡುಗಿ ಓದಿದ್ದು ಸಾಕು ಅಂತಲೂ ಅಲ್ಲ. ಕಾರಣ ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ರಾತ್ರಿ ಹೊತ್ತು ಮೈ ಹುಷಾರಿಲ್ಲ ಅಂದ್ರೆ ಅಲ್ಲಿ ಯಾರಪ್ಪ ನೋಡೋರು?" ನಮ್ಮ ಮನೆ ಅವಳ ಪಿಜಿಯಿಂದ ಎರಡು ಸ್ಟಾಪ್ ದೂರ. ನನ್ನ ಹೆಂಡತಿ ಅವರ ಮನೆಗೆ ಹೋಗಿ ಫೋನ್ ನಂಬರ್ ಕೊಟ್ಟು, "ನಾನು ನೋಡ್ಕೋತೀನಿ ಮಾವ" ಅಂದಳು. ಒಂದೂವರೆ ವರ್ಷವಾಯಿತು, ಅವಳು ಕೆಲಸದಲ್ಲಿದ್ದಾಳೆ. ನಾಳೆ ಅವಳು ತಿಪಟೂರಿಗೇ ವಾಪಸ್ ಹೋಗಿ ಟ್ಯಾಕ್ಸ್ ಆಫೀಸು ತೆರೆಯಬಹುದು. ಹೋಗಲಿ. ಆಗ ಅದು ಅವಳ ತೀರ್ಮಾನವಾಗಿರುತ್ತದೆ.

2011ರ ಜನಗಣತಿ ಪ್ರಕಾರ ಕರ್ನಾಟಕದ ನೂರರಲ್ಲಿ ಅರವತ್ತೊಂದು ಜನ ಇದ್ದದ್ದು ಹಳ್ಳಿಯಲ್ಲಿ. ಅಷ್ಟೂ ಜನರ ಮಕ್ಕಳಿಗೆ ಬೆಂಗಳೂರಿನಲ್ಲಿ ಜಾಗವಿಲ್ಲ, ಇರಬೇಕಾಗಿಯೂ ಇಲ್ಲ. ಬಸ್ಸು, ಬೆಲೆ, ನೇಮಕಾತಿ ಇವೆಲ್ಲ ಸರ್ಕಾರ ಮಾಡಬೇಕಾದ ಕೆಲಸ, ನಮ್ಮ ಫೋನ್ ಕರೆಗಳು ಅದಕ್ಕೆ ಬದಲಿಯಲ್ಲ. ಅದನ್ನು ಕೇಳುವಾಗಲೂ ನಾವು ಅವರ ಜೊತೆ ನಿಲ್ಲಬೇಕು, ಟಿವಿ ಮುಂದೆ ಕೂತು "ಬಿಟ್ಟಿ" ಅನ್ನುವ ಕಡೆ ಅಲ್ಲ.

ಉಳಿದದ್ದು ನಮ್ಮ ಕೈಯಲ್ಲಿದೆ. ನಿಮ್ಮ ಊರಿನ ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರೇ ಸಾಕು. ಅವರ ಹೆಸರು, ಓದು, ಆಸೆ, ಮನೆಯ ಕಷ್ಟ ನಿಮಗೆ ಗೊತ್ತಿರಲಿ. ಎರಡು ವರ್ಷ ಅವರ ಬೆನ್ನಿಗಿರಿ. ಅವರು ಕೊನೆಗೆ ಎಲ್ಲಿಗೆ ಹೋಗುತ್ತಾರೆ ಅನ್ನುವುದನ್ನು ಅವರಿಗೇ ಬಿಡಿ.